ಮೇಷ್ಟ್ರುಗಳಿಗೂ ಲೈಬ್ರರಿಯಲ್ಲಿ ಪಾಠ

ಮಳವಳ್ಳಿಯ ಕಾಲೇಜೊಂದರ ಇತಿಹಾಸ ಮೇಷ್ಟ್ರು ಬ್ಲಫ್‌ನ ವಿದ್ಯುದಾಗಾರದ ಬಗ್ಗೆ ಸಂಶೋಧನಾ ಲೇಖನ ಬರೆಯಲು ಕೂತರು ಎಂದಿಟ್ಟುಕೊಳ್ಳಿ. ಶಿವನಸಮುದ್ರದ ಮಗ್ಗುಲಲ್ಲಿರುವ ಈ ಜಾಗದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರಕ್ಕೆ, ವಿದ್ಯುತ್ ಹರಿಯಿತು. ಇಷ್ಟು ಸುತ್ತಲಿನವರಿಗೆಲ್ಲ ಗೊತ್ತು. ಲೇಖನಕ್ಕೆ ಇಷ್ಟು ಸಾಲದು, ಮೂಲ ದಾಖಲೆ ಬೇಕು. ‘ಬ್ಲಫ್’ ಎಂದು ಗೂಗಲ್ ಮಾಡಿದರೆ ಇಸ್ಪೀಟಾಟ ಬರುತ್ತದೆ. ‘ಶಿವನಸಮುದ್ರ’ ಎಂದರೆ ಗಗನಚುಕ್ಕಿ, ಭರಚುಕ್ಕಿಯ ಪ್ರವಾಸದ ವಿಡಿಯೊಗಳು. ‘ಮಂಡ್ಯ ಜಿಲ್ಲೆ’ ಎಂದು ಹುಡುಕಿದರೂ ಹಳೆಯ ಕಡತ ಸುಲಭಕ್ಕೆ ಸಿಗದು. ಮಂಡ್ಯ ಜಿಲ್ಲೆಯಾದದ್ದೇ 1939ರಲ್ಲಿ. ಅದಕ್ಕೆ ಮುಂಚೆ ಇದೆಲ್ಲ ಮೈಸೂರು ಜಿಲ್ಲೆ. ಇಂಗ್ಲಿಷ್ ಬರಹಗಳಲ್ಲಿ ಊರು ‘ಶಿವಸಮುದ್ರಂ’ ಆಗಿದೆ, ಕಾವೇರಿಯ ಸ್ಪೆಲಿಂಗ್ ‘ಸಿ’ಯಿಂದ ಶುರುವಾಗುತ್ತದೆ.

ಯಾವ ಹೆಸರಲ್ಲಿ, ಯಾವ ಕಾಲದಲ್ಲಿ, ಯಾವ ಜಿಲ್ಲೆಯಡಿ ಹುಡುಕಬೇಕು ಎಂಬ ಈ ಲೆಕ್ಕಾಚಾರ ಗ್ರಂಥಪಾಲಕರ ಹಳೆಯ ಕಸುಬು. ಕಾಲೇಜು ಗ್ರಂಥಾಲಯಗಳು ಅಧ್ಯಾಪಕರಿಗಾಗಿ ನಡೆಸುವ ಕಾರ್ಯಾಗಾರಗಳ ಜೀವಾಳವೂ ಇದೇ.

ಬೀರುವಿನಿಂದ ಲಾಗಿನ್‌ಗೆ

ಪುಸ್ತಕ ಬೀರುವಿನಲ್ಲಿ, ಕೀಲಿಕೈ ಲೈಬ್ರರಿಯನ್ ಸೊಂಟದಲ್ಲಿ ಎಂಬ ಕಾಲ ಹೋಗಿದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯಲು ಯುಜಿಸಿ 1991ರಲ್ಲಿ ಆರಂಭಿಸಿದ ‘ಇನ್‌ಫ್ಲಿಬ್‌ನೆಟ್’ ಈಗ ಗುಜರಾತಿನ ಗಾಂಧಿನಗರದಲ್ಲಿ ನೆಲೆ ನಿಂತಿದೆ. ಅದರ ‘ಎನ್-ಲಿಸ್ಟ್’ ಯೋಜನೆ 2010ರಿಂದ ತಾಲ್ಲೂಕು ಮಟ್ಟದ ಕಾಲೇಜುಗಳಿಗೂ ಸಾವಿರಾರು ಇ-ಜರ್ನಲ್‌ಗಳ, ಲಕ್ಷಗಟ್ಟಲೆ ಇ-ಪುಸ್ತಕಗಳ ಬಾಗಿಲು ತೆರೆಯಿತು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದು ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಜರ್ನಲ್‌ಗಳು.

ಬಾಗಿಲು ತೆರೆದರೆ ಸಾಕೇ, ಒಳಗೆ ಹೋಗುವವರು ಇರಬೇಕಲ್ಲ? ಎನ್-ಲಿಸ್ಟ್‌ನಲ್ಲಿ ಒಬ್ಬೊಬ್ಬ ಅಧ್ಯಾಪಕರಿಗೂ ಪ್ರತ್ಯೇಕ ಲಾಗಿನ್ ಇರುತ್ತದೆ. ಇಮೇಲ್‌ಗೆ ಬಂದ ಪಾಸ್‌ವರ್ಡನ್ನು ಒಮ್ಮೆಯೂ ಬಳಸದವರು ಯಾವ ಸ್ಟಾಫ್ ರೂಮಿನಲ್ಲಿ ಹುಡುಕಿದರೂ ಸಿಕ್ಕಾರು. ಹಾಗಾಗಿ ಕಾರ್ಯಾಗಾರದ ಮೊದಲ ಅರ್ಧ ಗಂಟೆ ಮರೆತ ಪಾಸ್‌ವರ್ಡ್ ಬದಲಿಸುವುದಕ್ಕೇ ಹೋದರೆ ಅದು ದಂಡವಲ್ಲ.

ಮುಂದಿನದು ವಿಷಯಕ್ಕೆ ತಕ್ಕ ದಾರಿ. ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’. ಕಬ್ಬಿನ ಬೆಲೆ, ನಾಲಾ ಬಯಲಿನ ಭತ್ತ ಎಂದು ಕೆಲಸ ಮಾಡುವ ಅರ್ಥಶಾಸ್ತ್ರದವರು ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿರುವ ‘ಕೃಷಿಕೋಶ’ವನ್ನೂ ನೋಡಬೇಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಕಣ್ಣೆದುರೇ ಇದ್ದರೂ ಕಲಾ ವಿಭಾಗದವರಿಗೆ ಆ ಕೋಶದ ಹೆಸರು ಹೊಸದಾಗಿರುವುದುಂಟು.

ಎರಡು ಮಳವಳ್ಳಿ, ಎರಡು ಏಳನೇ ಸಂಪುಟ

ಉಲ್ಲೇಖ ಹೇಗೆ ಕೊಡಬೇಕು ಎಂಬುದು ಇಂಥ ಕಾರ್ಯಾಗಾರಗಳಲ್ಲಿ ಎಲ್ಲರೂ ಆಕಳಿಸುವ ಅವಧಿ. ಅಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂದು ಉದಾಹರಣೆ ಇಟ್ಟರೆ ಸಾಕು, ನಿದ್ದೆ ಹಾರುತ್ತದೆ. ಬಿ.ಎಲ್. ರೈಸ್ ಹೊರತಂದ ಹಳೆಯ ಆವೃತ್ತಿಯಲ್ಲಿ ಮಂಡ್ಯ, ಮಳವಳ್ಳಿ ಸೀಮೆಯ ಶಾಸನಗಳು ಮೈಸೂರು ಜಿಲ್ಲೆಯ ಮೂರನೇ ಸಂಪುಟದಲ್ಲಿವೆ (1894). ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿಯ ಶಾಸನಗಳು ಏಳನೇ ಸಂಪುಟಕ್ಕೆ ಬಂದವು. ರೈಸ್ ಅವರ ಏಳನೇ ಸಂಪುಟವೋ ಶಿವಮೊಗ್ಗ ಜಿಲ್ಲೆಯದು. ಅದರಲ್ಲೂ ಒಂದು ಮಳವಳ್ಳಿ ಇದೆ! ಶಿಕಾರಿಪುರ ತಾಲ್ಲೂಕಿನ ಆ ಊರಿನ ಕಂಬದ ಶಾಸನ ಚುಟು ವಂಶದ ಶಾತಕರ್ಣಿಯ ಕಾಲದ್ದು, ಪ್ರಾಕೃತದ್ದು. ‘ಎ.ಕ. 7, ಮಳವಳ್ಳಿ’ ಎಂದಷ್ಟೇ ಅಡಿಟಿಪ್ಪಣಿ ಹಾಕಿದರೆ ಓದುವವನು ಕಾವೇರಿ ದಡಕ್ಕೆ ಬರಬೇಕೋ ಮಲೆನಾಡಿನ ಸೆರಗಿಗೆ ಹೋಗಬೇಕೋ? ಆವೃತ್ತಿ, ವರ್ಷ, ತಾಲ್ಲೂಕು, ಶಾಸನ ಸಂಖ್ಯೆ ಇಷ್ಟನ್ನೂ ಯಾಕೆ ಬರೆಯಬೇಕೆಂದು ಮತ್ತೆ ಉಪನ್ಯಾಸ ಕೊಡುವ ಅಗತ್ಯವಿಲ್ಲ.

ನುಡಿಯ ತೊಡಕು, ಹತ್ತರ ಗಡಿ

ಕನ್ನಡದಲ್ಲಿ ಬರೆಯುವವರ ಕಷ್ಟ ಬೇರೆ. ವರ್ಷಗಟ್ಟಲೆ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಟಿಪ್ಪಣಿಗಳನ್ನು ಬೇರೆಡೆ ಅಂಟಿಸಿದರೆ ಅಕ್ಷರವೆಲ್ಲ ಕಲಸುಮೇಲೋಗರ. ಅಂಥ ಬರಹ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಅದನ್ನು ಯುನಿಕೋಡ್‌ಗೆ ಪರಿವರ್ತಿಸುವ ಅಭ್ಯಾಸವನ್ನು ಲೈಬ್ರರಿಯ ಕಂಪ್ಯೂಟರಿನಲ್ಲೇ ಕೂತು ಮಾಡಿಸಿದರೆ, ಮೇಷ್ಟ್ರು ಬರೆದದ್ದು ಇನ್ನೊಬ್ಬರ ಕಣ್ಣಿಗೂ ಬೀಳುತ್ತದೆ.

ಕೃತಿಚೌರ್ಯದ ವಿಷಯ ಬಂದಾಗ ಸಭೆ ಗಂಭೀರವಾಗುತ್ತದೆ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ, ದಾಟಿದರೆ ಮೂರು ಹಂತದ ಕ್ರಮ. ಆದರೆ ತಂತ್ರಾಂಶ ಕೊಡುವುದು ಹೋಲಿಕೆಯ ಅಂಕಿಯನ್ನು ಮಾತ್ರ. ಅದು ಕಳವೋ, ನ್ಯಾಯವಾದ ಉದ್ಧರಣೆಯೋ ಎಂದು ಮನುಷ್ಯರೇ ನೋಡಬೇಕು. ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ಸಂದೇಶ ಮೊಬೈಲಿಗೆ ಬರುತ್ತಲೇ ಇರುತ್ತದೆ. ನಂಬಬಹುದಾದ ಜರ್ನಲ್‌ಗಳಿಗೆಂದು ಇದ್ದ ‘ಯುಜಿಸಿ-ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ, ಸಂಪಾದಕ ಮಂಡಳಿ ಯಾರದು, ಲೇಖನಗಳನ್ನು ನಿಜವಾಗಿ ಪರಿಶೀಲಿಸುತ್ತಾರೆಯೇ ಎಂದು ಅಳೆದು ನೋಡುವ ಹೊಣೆ ಬರೆಯುವವರ ತಲೆಗೇ ಬಂದಿದೆ.

ಜೊತೆಗಾರಿಕೆ ಹೊಸದಲ್ಲ

ನಮ್ಮ ನಾಡಿನಲ್ಲಿ ಗ್ರಂಥಾಲಯ ಮತ್ತು ಸಂಶೋಧನೆ ಎಂದೂ ಬೇರೆ ಮನೆ ಹೂಡಿದವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಗ್ರಂಥಪಾಲಕರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಅಲ್ಲೇ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದರು. ಓದುಗರ ಹೊತ್ತು ಉಳಿಸಬೇಕೆಂಬುದು ಅವರ ಐದು ಸೂತ್ರಗಳಲ್ಲಿ ಒಂದು.

ಕೆಲವು ಕಡೆ ಇಂಥ ಕಾರ್ಯಾಗಾರ ಬ್ಯಾನರ್, ಹಾರ, ಗ್ರೂಪ್ ಫೋಟೊ, ಪ್ರಮಾಣಪತ್ರಕ್ಕೆ ಮುಗಿದು ನ್ಯಾಕ್ ಮೌಲ್ಯಮಾಪನದ ಕಡತ ಸೇರುತ್ತದೆ. ಹಾಗಾಗದಿರಲು ದೊಡ್ಡ ಖರ್ಚೇನೂ ಬೇಡ. ಬರುವ ಅಧ್ಯಾಪಕರು ತಮ್ಮದೊಂದು ಪ್ರಶ್ನೆ ಹಿಡಿದು ಬರಬೇಕು: ಬ್ಲಫ್‌ನ ವಿದ್ಯುತ್ತು, ಮದ್ದೂರಿನ ಎಳನೀರು ಮಾರುಕಟ್ಟೆ, ಮಳವಳ್ಳಿಯ ರೇಷ್ಮೆ, ಏನೂ ಆಗಬಹುದು. ಗ್ರಂಥಪಾಲಕರು ಅದೇ ಪ್ರಶ್ನೆ ಇಟ್ಟುಕೊಂಡು ಹುಡುಕಿ ತೋರಿಸಬೇಕು. ಸಿಕ್ಕಿದ್ದರಲ್ಲಿ ಎರಡು ಲೇಖನವನ್ನಾದರೂ ಮುಂದಿನ ವಾರ ಬಿ.ಎ. ತರಗತಿಯ ಮಕ್ಕಳ ಕೈಗೆ ಕೊಟ್ಟು ಓದಿಸಬೇಕು. ಮಕ್ಕಳು ಇನ್ನಷ್ಟು ಪುಸ್ತಕ ಕೇಳಿಕೊಂಡು ಲೈಬ್ರರಿಗೆ ಬಂದರೆ ಕಾರ್ಯಾಗಾರ ಗೆದ್ದಿತೆಂದೇ ಲೆಕ್ಕ. ಆ ಲೆಕ್ಕ ಇಶ್ಯೂ ರಿಜಿಸ್ಟರಿನಲ್ಲಿ ಯಾರಿಗಾದರೂ ಕಾಣುತ್ತದೆ.