ಅರಿವಳಿಕೆ ಕೊಟ್ಟರೆ ಮಗು ಮಂಕಾಗುವುದೇ?

ಎಳೆಗೂಸಿನ ತೊಡೆಸಂದಿನಲ್ಲಿ ಗಂಟು ಕಾಣಿಸಿದೆ. ಹರ್ನಿಯಾ, ಆಪರೇಷನ್ ಆಗಬೇಕು ಎಂದು ವೈದ್ಯರು ಹೇಳಿದ್ದಾರೆ. ಬನ್ನೂರಿನಿಂದ ಮೈಸೂರಿನ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಬರುವ ತಾಯಿಗೆ ಕತ್ತರಿಯ ಭಯದ ಜೊತೆಗೆ ಇನ್ನೊಂದು ಭಯವೂ ಇರುತ್ತದೆ: "ಪ್ರಜ್ಞೆ ತಪ್ಪಿಸಿದರೆ ಮಗು ಮುಂದೆ ಓದಿನಲ್ಲಿ ಮಂಕಾದೀತೇ, ಡಾಕ್ಟ್ರೇ?"

ಈ ಭಯಕ್ಕೆ ಆಧಾರವಿಲ್ಲದೆ ಇಲ್ಲ. 2003ರಲ್ಲಿ ಅಮೆರಿಕದ ವಿಜ್ಞಾನಿಗಳು ಏಳು ದಿನದ ಇಲಿಮರಿಗಳಿಗೆ ಆರು ಗಂಟೆ ಅರಿವಳಿಕೆ ಕೊಟ್ಟಾಗ, ಬೆಳೆಯುತ್ತಿದ್ದ ಮಿದುಳಿನ ನರಕೋಶಗಳು ನಾಶವಾದವು; ಕಲಿಕೆಯೂ ಕುಂದಿತು. ಆದರೆ ಇಲಿಮರಿಗೆ ಆರು ಗಂಟೆ ಬಹು ದೀರ್ಘ ಕಾಲ. ಮನುಷ್ಯರ ಮಕ್ಕಳಲ್ಲಿಯೇ ಪರೀಕ್ಷಿಸಿ ನೋಡಬೇಕಿತ್ತು.

ಅದಕ್ಕಾಗಿ ಏಳು ದೇಶಗಳಲ್ಲಿ ಹರ್ನಿಯಾ ಇದ್ದ 722 ಶಿಶುಗಳನ್ನು ಆರಿಸಿಕೊಂಡರು. ಸುಮಾರು ಅರ್ಧದಷ್ಟು ಶಿಶುಗಳಿಗೆ ಪೂರ್ಣ ಅರಿವಳಿಕೆ. ಉಳಿದವಕ್ಕೆ ಎಚ್ಚರವಿದ್ದಂತೆಯೇ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಪೂರ್ಣ ಅರಿವಳಿಕೆಯ ಅವಧಿ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ಐದು ವರ್ಷ ತುಂಬಿದಾಗ ಬುದ್ಧಿಮತ್ತೆ ಅಳೆದರೆ ಎರಡೂ ಗುಂಪುಗಳು ಸಮಸಮ. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 105 ಜೋಡಿ ಒಡಹುಟ್ಟಿದವರನ್ನು ಹೋಲಿಸಿದ 2016ರ ಅಧ್ಯಯನವೂ ಇದನ್ನೇ ಹೇಳಿತು.

ದೀರ್ಘವಾದ ಅಥವಾ ಪದೇಪದೇ ಕೊಡುವ ಅರಿವಳಿಕೆಯ ಮಾತು ಬೇರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದರೆ ಅಥವಾ ಮತ್ತೆ ಮತ್ತೆ ಕೊಟ್ಟರೆ ಎಚ್ಚರ ಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಸೂಚಿಸಿತು. ಹಲವು ಬಾರಿ ಅರಿವಳಿಕೆ ಪಡೆದ ಮಕ್ಕಳ ಬುದ್ಧಿಮತ್ತೆ ಕಡಿಮೆಯಾಗದಿದ್ದರೂ, ಕೈಬೆರಳುಗಳ ಕುಶಲತೆಯಲ್ಲಿ, ಗ್ರಹಿಸುವ ವೇಗದಲ್ಲಿ ತುಸು ಹಿನ್ನಡೆ ಕಂಡಿತೆಂದು 2018ರ ಅಧ್ಯಯನವೊಂದು ತಿಳಿಸಿತು. ಇದಕ್ಕೆ ಮದ್ದು ಕಾರಣವೋ, ಪದೇಪದೇ ಆಪರೇಷನ್ ಬೇಡುವ ಕಾಯಿಲೆಯೇ ಕಾರಣವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹಾಗೆಂದು ಆಪರೇಷನ್ ಮುಂದೂಡುವುದು ಕ್ಷೇಮವೇ? ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತರೆ ಪ್ರಾಣಕ್ಕೇ ಕುತ್ತು. ಹುಟ್ಟುಕಿವುಡಿನ ಮಗುವಿನ ವಿಷಯದಲ್ಲಂತೂ ತಡವೇ ಬುದ್ಧಿಗೆ ಹಾನಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಎಳೆಯ ಶಿಶುಗಳ ಕಿವಿ ಪರೀಕ್ಷಿಸುವುದು ಇದಕ್ಕಾಗಿಯೇ. ಕಾಕ್ಲಿಯರ್ ಇಂಪ್ಲಾಂಟ್ ಬೇಕಾದ ಮಗುವಿಗೆ ಮಾತು ಕಲಿಯುವ ಮೊದಲ ವರ್ಷಗಳು ಕಳೆದುಹೋದರೆ ಮರಳಿ ಬಾರವು.

ಅರಿವಳಿಕೆ ಇಲ್ಲದ ನೋವೂ ಸಣ್ಣದಲ್ಲ. ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೂ ಆಪರೇಷನ್ ವೇಳೆ ಬಲವಾದ ನೋವುನಿವಾರಕ ಕೊಟ್ಟರೆ ದೇಹದ ಆಘಾತ ತಗ್ಗುತ್ತದೆಂದು ತೋರಿಸಿದರು.

ಆದ್ದರಿಂದ ತಂದೆತಾಯಿಗಳು ಸಂಕೋಚಪಡದೆ ಕೇಳಿ: ಈ ಆಪರೇಷನ್ ಈಗಲೇ ಆಗಬೇಕೇ, ಕಾಯಬಹುದೇ? ಎಷ್ಟು ಹೊತ್ತು ಹಿಡಿಯುತ್ತದೆ? ಅರಿವಳಿಕೆ ಕೊಡುವವರಿಗೆ ಮಕ್ಕಳ ಅನುಭವವಿದೆಯೇ? ಮಗುವಿಗೆ ನೆಗಡಿ, ಕೆಮ್ಮು ಇದ್ದರೆ ಮುಚ್ಚಿಡಬೇಡಿ. ಹಾಲು ನಿಲ್ಲಿಸಲು ಹೇಳಿದ ಹೊತ್ತನ್ನು ತಪ್ಪದೆ ಪಾಲಿಸಿ. ಹೊಟ್ಟೆಯಲ್ಲಿ ಉಳಿದ ಹಾಲು ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ. ಮಂಕಾದೀತೆಂಬ ಭಯದಿಂದ ಮಾತ್ರ ಅಗತ್ಯದ ಆಪರೇಷನ್ನನ್ನು ತಳ್ಳಿಹಾಕಬೇಡಿ.