ಸಂತೆಯ ಚೀಲ, ಹೊಲದ ಉಡಿ

ಗದಗ ಸೀಮೆಯ ಯಾವುದೇ ಸಂತೆಯಲ್ಲಿ ಸಂಜೆಯ ವೇಳೆ ಕಾಯಿಪಲ್ಯದ ಸಾಲಿನ ಮುಂದೆ ಸ್ವಲ್ಪ ನಿಂತು ನೋಡಬೇಕು. ಸ್ಥಿತಿವಂತರು ಮುಂಜಾನೆಯೇ ಬಂದು ಹೋಗಿರುತ್ತಾರೆ. ಈಗ ಬರುವವರು ಕೂಲಿ ಮುಗಿಸಿಕೊಂಡ ಹೆಣ್ಣುಮಕ್ಕಳು. ಬಂದವರೇ ಕೊಳ್ಳುವುದಿಲ್ಲ, ಒಂದು ಸುತ್ತು ಹಾಕಿ ದರ ಕೇಳುತ್ತಾರೆ, ಬದನೆಕಾಯಿಯ ತೊಟ್ಟು ನೋಡುತ್ತಾರೆ. ತಕ್ಕಡಿಯಲ್ಲಿ ತೂಗುವ ಮಾಲಿಗಿಂತ ಗುಂಪಿ ಹಾಕಿದ ಮಾಲಿನ ಮುಂದೆ ಹೆಚ್ಚು ನಿಲ್ಲುತ್ತಾರೆ. ಕತ್ತಲಾದಂತೆ ಮಾರುವವಳಿಗೆ ಉಳಿದದ್ದನ್ನು ಹೊತ್ತೊಯ್ಯುವ ಚಿಂತೆ. ದರ ಇಳಿಯುತ್ತದೆ, ಕೊಸರೂ ಸಿಗುತ್ತದೆ.

ಬಡವರು ಅಗ್ಗದ್ದನ್ನೇ ಕೊಳ್ಳುತ್ತಾರೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರ ಲೆಕ್ಕ ಅಷ್ಟು ಸರಳವಲ್ಲ.

ಮನೆಯ ವರಮಾನ ಕಡಿಮೆಯಾದಷ್ಟೂ ಅದರಲ್ಲಿ ಊಟದ ಪಾಲು ಹೆಚ್ಚುತ್ತದೆ ಎಂದು ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ. ಆ ಪಾಲಿನೊಳಗೆ ಜೋಳ, ಬೇಳೆ, ಎಣ್ಣೆ ಮೊದಲು. ಕಾಯಿಪಲ್ಯದ ಸರದಿ ಕೊನೆಗೆ. ಹೀಗಾಗಿ ಕಿಲೊ ದರಕ್ಕಿಂತ ದೊಡ್ಡ ಪ್ರಶ್ನೆ, ಇದರಿಂದ ಎಷ್ಟು ರೊಟ್ಟಿ ಇಳಿಯುತ್ತವೆ ಎಂಬುದು. ಬದನೆಕಾಯಿಗೆ ಶೇಂಗಾ ಅಥವಾ ಗುರೆಳ್ಳಿನ ಪುಡಿ ಬೆರೆಸಿ ರಸ ಮಾಡಿದರೆ ಐದು ಮಂದಿಗೆ ಸಾಕು. ಬೆಂಡೆಕಾಯಿಯನ್ನು ಹಾಗೆ ಹಿಗ್ಗಿಸಲು ಬರುವುದಿಲ್ಲ, ಎಣ್ಣೆಯನ್ನೂ ಕುಡಿಯುತ್ತದೆ. ಹಸಿ ಬಟಾಣಿಯಲ್ಲಿ ಸಿಪ್ಪೆಗೂ ದುಡ್ಡು ತೆರಬೇಕು. ಹಾಗಲಕಾಯಿ ಅಗ್ಗವಾದರೂ ಮಕ್ಕಳು ತಟ್ಟೆಯಲ್ಲಿ ಬಿಟ್ಟರೆ ಅದಕ್ಕಿಂತ ತುಟ್ಟಿಯಾದದ್ದು ಇಲ್ಲ.

ತಪ್ಪಲು ಪಲ್ಯದ ಲೆಕ್ಕವೇ ಬೇರೆ. ಒಂದು ಸಿವುಡು ಮೆಂತ್ಯ ಕುದಿಸಿದರೆ ಹಿಡಿಯಷ್ಟಾಗುತ್ತದೆ. ಅದಕ್ಕೇ ಅದರ ಜೊತೆಗೆ ಬೇಳೆ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಬೆರೆಸಿದರೆ ಹೆಚ್ಚುತ್ತದೆ, ಹುಳಿಯಿರುವುದರಿಂದ ಮರುದಿನಕ್ಕೂ ಕೆಡುವುದಿಲ್ಲ. ಹಸಿ ಉಳ್ಳಾಗಡ್ಡಿ, ಮೂಲಂಗಿ, ಸೌತೆಕಾಯಿ, ಎಳೆಯ ಮೆಂತ್ಯವನ್ನು ರೊಟ್ಟಿಯ ಜೊತೆ ಕಡಿದು ತಿನ್ನುವ ಈ ಭಾಗದ ರೂಢಿಯನ್ನು ಬರೀ ರುಚಿಯೆಂದು ತಿಳಿಯಬಾರದು. ಅದಕ್ಕೆ ಎಣ್ಣೆ ಬೇಡ, ಉರುವಲು ಬೇಡ. ಬೇಯಿಸಿದರೆ ಹಾಳಾಗುವ ಸಿ ಜೀವಸತ್ವವೂ ಉಳಿಯುತ್ತದೆ.

ಆದರೆ ಈ ಎಲ್ಲ ಜಾಣ್ಮೆಯ ಹಿಂದೆ ಸಂತೆಗೆ ಬಾರದ ಇನ್ನೊಂದು ಮೂಲವಿತ್ತು. ಗದಗ ತಾಲೂಕಿನ ಅಂತೂರ ಬೆಂತೂರದಂಥ ಊರುಗಳ ಎರೆಹೊಲಗಳಲ್ಲಿ ಕಳೆ ತೆಗೆಯಲು ಹೋದವಳು ಬರಿಗೈಯಲ್ಲಿ ಮರಳುತ್ತಿರಲಿಲ್ಲ. ಮಳೆಗಾಲದಲ್ಲಿ ಹಕ್ಕರಕಿ, ಕರ್ಚಿಕಾಯಿ, ತಾನೇ ಹುಟ್ಟಿದ ರಾಜಗಿರಿ. ಹಿಂಗಾರಿನಲ್ಲಿ ಕಡಲೆಯ ಕುಡಿ. ಕಡಲೆಯ ಕುಡಿ ಚಿವುಟಿದರೆ ಗಿಡ ಕವಲೊಡೆದು ಹೆಚ್ಚು ಕಾಯಿ ಬಿಡುತ್ತದೆ. ಆದ್ದರಿಂದ ಹೊಲದ ಒಡೆಯನೂ ಬೇಡವೆನ್ನುತ್ತಿರಲಿಲ್ಲ. ಉಡಿಯಲ್ಲಿ ಮನೆಗೆ ಬಂದ ಈ ಪಲ್ಯ ಯಾವ ಖರ್ಚಿನ ಪಟ್ಟಿಯಲ್ಲೂ ಸೇರಲಿಲ್ಲ. ಬೇಸಿಗೆಗೆಂದು ಚವಳಿಕಾಯಿ ಒಣಗಿಸಿಡುತ್ತಿದ್ದರು. ಅದೂ ಇಲ್ಲದ ದಿನ ಝುಣಕವೋ ಅಗಸೆ ಹಿಂಡಿಯೋ ನಡೆಯುತ್ತಿತ್ತು.

ಈಗ ಈ ಉಡಿ ಬರಿದಾಗುತ್ತಿದೆ. ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿಯ ಹೊಲಗಳಲ್ಲಿ ಕಳೆನಾಶಕ ಸಿಂಪಡಿಸಿದರೆ ಕೂಲಿ ಉಳಿಯುತ್ತದೆ ನಿಜ, ಹಕ್ಕರಕಿ ಉಳಿಯುವುದಿಲ್ಲ. ಕಳೆ ತೆಗೆಯುವ ಕೆಲಸವೂ ಪಲ್ಯವೂ ಒಟ್ಟಿಗೇ ಹೋಗುತ್ತವೆ. ಗದಗ-ಬೆಟಗೇರಿಯ ಓಣಿಗೆ ಬಂದು ನೆಲೆಸಿದ ಕುಟುಂಬಕ್ಕಂತೂ ಹೊಲವೇ ದೂರ. ಇನ್ನೊಂದು ಬದಲಾವಣೆ ತಟ್ಟೆಯಲ್ಲೇ ಆಗಿದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವಿನ ಭಯವನ್ನು ತಗ್ಗಿಸಿತು. ಇದು ಸಣ್ಣ ಮಾತಲ್ಲ. ಆದರೆ ರೊಟ್ಟಿ ಪಲ್ಯವನ್ನು ಬೇಡುತ್ತದೆ, ಅನ್ನ ತಿಳಿಸಾರಿಗೂ ಒಪ್ಪುತ್ತದೆ. ಸಾರಿಗೆ ಒಂದು ಟೊಮೆಟೊ ಸಾಕು. 2023ರ ಜುಲೈಯಲ್ಲಿ ಟೊಮೆಟೊ ಕಿಲೊಗೆ ನೂರು ರೂಪಾಯಿ ದಾಟಿದಾಗ ಹುಣಿಸೆಹಣ್ಣೇ ಸಾಕೆನಿಸಿಕೊಂಡಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, ಅದರಲ್ಲಿ 100 ಗ್ರಾಂ ಸೊಪ್ಪು ಇರಲಿ ಎಂದಿದೆ. ಐದು ಮಂದಿಗೆ ದಿನಕ್ಕೆ ಎರಡು ಕಿಲೊ. ಕಿಲೊಗೆ 40 ರೂಪಾಯಿ ಹಿಡಿದರೂ 80 ರೂಪಾಯಿ. ಕರ್ನಾಟಕದಲ್ಲಿ 2024-25ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ. ಅದರ ನಾಲ್ಕನೆಯ ಒಂದು ಪಾಲಿನಷ್ಟು ಇದಕ್ಕೇ ಬೇಕು. ಅದೂ ಕೂಲಿ ಸಿಕ್ಕ ದಿನ.

ಹೀಗಿರುವಾಗ ಸೊಪ್ಪು ತಿನ್ನಿರೆಂದು ಬಡ ತಾಯಂದಿರಿಗೆ ಬುದ್ಧಿ ಹೇಳುವುದು ಬಲ್ಲವರಿಗೇ ಪಾಠ ಹೇಳಿದಂತೆ. ಯಾವ ತಪ್ಪಲು ಯಾವಾಗ ಎಳೆಯದಿರುತ್ತದೆ, ಯಾವುದಕ್ಕೆ ಯಾವ ಬೇಳೆ ಹೊಂದುತ್ತದೆ ಎಂಬುದು ಅವರಿಗೆ ಗೊತ್ತು. ಹೊಲದ ಬದುವಿಗಾದರೂ ಔಷಧಿ ಹೊಡೆಯದೆ ಬಿಟ್ಟರೆ, ಶಾಲೆ-ಅಂಗನವಾಡಿಯ ಅಂಗಳದಲ್ಲಿ ನಾಲ್ಕು ಮಡಿ ರಾಜಗಿರಿ, ಪುಂಡಿ ಹಾಕಿದರೆ ಉಡಿಗೆ ಮತ್ತೆ ಒಂದಿಷ್ಟು ಬಿದ್ದೀತು. ಅಲ್ಲಿಯವರೆಗೆ ಸಂತೆಯ ಸಂಜೆಯ ಗುಂಪಿಯೇ ಅವರಿಗೆ ಗತಿ.