ಗಾಡಿಯಲ್ಲಿ ನಿಂತ ಕಬ್ಬು, ಪುಸ್ತಕದಲ್ಲಿ ಕೂತ ಪಾಠ

ಚಿಕ್ಕೋಡಿ: ಕಬ್ಬು ಅರೆಯುವ ಹಂಗಾಮು ಬಂತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಬಸ್ಸಿನವರಿಗೆ ಟೈಮ್ ಹೇಳುವುದೇ ಕಷ್ಟ. ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ಬಸ್ಸು. ಬಸ್ಸಿನೊಳಗೆ ಬಿಎಸ್ಸಿ ಓದುವ ಹುಡುಗ ಕಣ್ಣು ಮುಚ್ಚಿ ಏನೋ ಗುಣುಗುಣು ಅನ್ನುತ್ತಿರುತ್ತಾನೆ. ಜಪವಲ್ಲ, ಸಿಟ್ರೇಟ್, ಐಸೊಸಿಟ್ರೇಟ್, ಕೀಟೊಗ್ಲುಟರೇಟ್ ಎಂಬ ಹೆಸರುಗಳ ಬಾಯಿಪಾಠ. "ಇದನ್ನ ಕಲ್ತು ಏನ್ ಮಾಡಾಂವೋ ತಮ್ಮಾ?" ಎಂದು ಪಕ್ಕದ ಸೀಟಿನ ಕಾಕಾ ಕೇಳಿದರೆ ಅವನ ಹತ್ತಿರ ಉತ್ತರವಿರುವುದಿಲ್ಲ. ಉತ್ತರ ಮುಂದಿನ ಟ್ರೇಲರಿನಲ್ಲೇ ಹೊರಟಿದೆ ಎಂಬುದು ಇಬ್ಬರಿಗೂ ಹೊಳೆಯುವುದಿಲ್ಲ.

ಸದರಿ ವಿದ್ಯೆಯ ಹೆಸರು ಜೀವರಸಾಯನಶಾಸ್ತ್ರ. ಅದರಲ್ಲಿ ವಿದ್ಯಾರ್ಥಿಗಳ ಬೆವರಿಳಿಸುವ ಭಾಗ ಚಯಾಪಚಯ, ಅಂದರೆ ಮೆಟಬಾಲಿಸಂ. ಅಂಗಡಿಕಾರರ ಭಾಷೆಯಲ್ಲಿ ಹೇಳುವುದಾದರೆ ಇದು ಜೀವದ ಜಮಾ-ಖರ್ಚಿನ ಕೀರ್ದಿ. ಉಂಡ ರೊಟ್ಟಿಯ ಪಿಷ್ಟ ಒಡೆದು ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ದೊಡ್ಡ ನೋಟು. ಜೀವಕೋಶ ಅದನ್ನು ಮುರಿಸಿ ಎಟಿಪಿ ಎಂಬ ಚಿಲ್ಲರೆ ಮಾಡಿಕೊಳ್ಳುತ್ತದೆ. ಆಮ್ಲಜನಕ ಸಾಕಷ್ಟು ಇದ್ದರೆ ಒಂದು ಗ್ಲೂಕೋಸಿಗೆ ಸುಮಾರು 30 ಎಟಿಪಿ, ಇಲ್ಲದಿದ್ದರೆ ಬರೀ 2. ಬಿಟ್ಟುಹೋಗುವ ಬಸ್ಸಿನ ಬೆನ್ನು ಹತ್ತಿ ಓಡಿದವರ ಕಾಲು ಈ ಕಡಿಮೆ ಚಿಲ್ಲರೆಯನ್ನೂ ನೆಚ್ಚಿಕೊಂಡಿರುತ್ತದೆ. ಆ ಓಟ ಬಹಳ ದೂರ ಸಾಗುವುದಿಲ್ಲ ಎಂಬುದು ಓಡಿದವರಿಗೆಲ್ಲ ಗೊತ್ತು.

ಕಬ್ಬಿನಿಂದ ಹುಟ್ಟಿದ ಪಾಠ

ಈ ಶಾಸ್ತ್ರದ ಒಂದು ದೊಡ್ಡ ಪಾಠ ಹುಟ್ಟಿದ್ದೇ ಕಬ್ಬಿನ ಎಲೆಯಲ್ಲಿ. ಗಾಳಿಯ ಇಂಗಾಲವನ್ನು ಹಿಡಿದ ಗಿಡ ಮೊದಲು ಮೂರು ಇಂಗಾಲದ ವಸ್ತು ಮಾಡುತ್ತದೆ ಎಂದು ಪುಸ್ತಕಗಳು ಹೇಳುತ್ತಿದ್ದವು. ಹವಾಯಿ ದ್ವೀಪದಲ್ಲಿ ಸಕ್ಕರೆ ಬೆಳೆಗಾರರೇ ನಡೆಸುತ್ತಿದ್ದ ಪ್ರಯೋಗಶಾಲೆಯಲ್ಲಿ ಹ್ಯೂಗೊ ಕೋರ್ಟ್‌ಶಾಕ್ ಮತ್ತು ಸಂಗಡಿಗರು ನೋಡಿದರೆ, ಕಬ್ಬಿನಲ್ಲಿ ನಾಲ್ಕು ಇಂಗಾಲದ ವಸ್ತು! 1965ರಲ್ಲಿ ಅವರ ಲೇಖನ ಪ್ರಕಟವಾಯಿತು. 1966ರಿಂದ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಪೂರ್ತಿ ದಾರಿಯನ್ನು ಬಿಡಿಸಿಟ್ಟರು. ಇಂದು ಅದಕ್ಕೆ ಸಿ-4 ಎಂದು ಹೆಸರು. ನಮ್ಮ ಜೋಳ, ಗೋವಿನಜೋಳ ಕೂಡ ಇದೇ ದಾರಿ ಹಿಡಿದ ಬೆಳೆಗಳು.

ಕಡಿದ ಮೇಲೂ ಕಬ್ಬು ಸುಮ್ಮನಿರದು

ಇನ್ನು ರೊಕ್ಕದ ಮಾತು. ಕಬ್ಬು ಕಡಿದ ಮಾತ್ರಕ್ಕೆ ಅದರೊಳಗಿನ ಕೆಲಸ ನಿಲ್ಲುವುದಿಲ್ಲ. ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡು ಹೋಳು ಮಾಡುತ್ತಾ ಹೋಗುತ್ತದೆ. ಇವು ಸಿಹಿಯೇನೋ ಹೌದು, ಆದರೆ ಕಾರ್ಖಾನೆಯಲ್ಲಿ ಸಕ್ಕರೆ ಹರಳಾಗುವುದಿಲ್ಲ. ಆಲೆಮನೆಯವರಿಗೂ ಈ ಸಂಗತಿ ಗೊತ್ತು: ಹಳೆಯ ಕಬ್ಬಿನ ಬೆಲ್ಲ ಗಟ್ಟಿ ಕಟ್ಟದೆ ಮೆತ್ತಗಾಗುತ್ತದೆ. ಕಡಿದ ತುದಿಯಿಂದ ಒಳಹೊಕ್ಕ ಬ್ಯಾಕ್ಟೀರಿಯಾ ರಸವನ್ನು ಲೋಳೆ ಮಾಡುತ್ತದೆ. ಮೇಲಿಂದ ಬಿಸಿಲಿಗೆ ನೀರು ಆರಿ ತೂಕವೂ ಇಳಿಯುತ್ತದೆ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕಬ್ಬಿನ ದರ ಕ್ವಿಂಟಲಿಗೆ 355 ರೂಪಾಯಿ, ಅದೂ ಶೇ. 10.25 ರಿಕವರಿಗೆ. ರಿಕವರಿ ಶೇ. 0.1 ಏರಿದರೂ ಇಳಿದರೂ ದರದ ಲೆಕ್ಕ ಬದಲು. ಕಾರ್ಖಾನೆಯ ಗೇಟಿನ ಮುಂದೆ ಪಾಳಿ ಹಚ್ಚಿ ಗಾಡಿ ನಿಂತಷ್ಟೂ ತೂಕದ ಲುಕ್ಸಾನು ಆ ರೈತನಿಗೆ. ರಿಕವರಿಯ ಲುಕ್ಸಾನು ಆ ಕಾರ್ಖಾನೆಗೆ ಕಬ್ಬು ಹಾಕುವ ಎಲ್ಲರಿಗೂ. ಹುಡುಗ ಬಾಯಿಪಾಠ ಮಾಡುವ ಕಿಣ್ವ ಅವನಪ್ಪನ ಬಿಲ್ಲಿನಲ್ಲೇ ಕೆಲಸ ಮಾಡುತ್ತಿದೆ ಎಂಬುದು ಇದರ ತಾತ್ಪರ್ಯ.

ನಿಪ್ಪಾಣಿಯ ಎಲೆ, ಬೇರಿನ ಗುಟ್ಟು

ನಿಪ್ಪಾಣಿಯ ತಂಬಾಕಿನ ಮಾತೂ ಹೀಗೇ. ಖಾರ ಇರುವುದು ಎಲೆಯಲ್ಲಿ. ಆದರೆ ನಿಕೋಟಿನ್ ತಯಾರಾಗುವುದು ಬೇರಿನಲ್ಲಿ. ಟೊಮ್ಯಾಟೊ ಬೇರಿನ ಮೇಲೆ ತಂಬಾಕಿನ ಕುಡಿ ಕಸಿ ಮಾಡಿ ನೋಡಿದಾಗ ಎಲೆಗೆ ನಿಕೋಟಿನ್ ಬರಲೇ ಇಲ್ಲ. ಕುಡಿ ಚಿವುಟಿದರೆ ಎಲೆಯ ಖಾರ ಏರುತ್ತದೆ ಎಂದು ರೈತರು ಕೈಯಿಂದ ಕಲಿತದ್ದಕ್ಕೂ ಕಾರಣ ಇಲ್ಲೇ ಇದೆ: ತುದಿ ಹೋದ ಗಿಡದ ಬೇರು ನಿಕೋಟಿನನ್ನು ಇನ್ನೂ ಹೆಚ್ಚು ಮಾಡುತ್ತದೆ.

ಭಯ ಯಾಕೆ?

ಪಿಯುಸಿವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ತಿಳಿದುಕೊಂಡ ಮಕ್ಕಳಿಗೆ ಮುಂದೆ ಇಂಗ್ಲಿಷಿನ ಉದ್ದುದ್ದ ಹೆಸರುಗಳು ಎದುರಾಗುತ್ತವೆ. ತಿಳಿಯದ್ದನ್ನು ರಟ್ಟಾ ಹೊಡೆಯುವುದು, ಪರೀಕ್ಷೆ ಮುಗಿದ ಮರುದಿನ ಮರೆಯುವುದು. ಇಂಥವರು ಒಂದು ಮಾತು ನೆನಪಿಡಬೇಕು. ಈ ಸಿಟ್ರೇಟ್ ಚಕ್ರವನ್ನು ಕಂಡುಹಿಡಿದ ಹಾನ್ಸ್ ಕ್ರೆಬ್ಸ್ ಅವರ ಲೇಖನವನ್ನೇ 1937ರಲ್ಲಿ 'ನೇಚರ್' ಪತ್ರಿಕೆ ಅಚ್ಚು ಹಾಕದೆ ವಾಪಸು ಕಳಿಸಿತ್ತು. 1953ರಲ್ಲಿ ಅವರಿಗೇ ನೊಬೆಲ್ ಬಂತು!

ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನಲ್ಲಿದೆ. ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಕಮಲಾ ಭಾಗವತ್ ಎಂಬಾಕೆ ಬಂದರು. ಹೆಣ್ಣೆಂಬ ಕಾರಣಕ್ಕೆ ಆಗಿನ ನಿರ್ದೇಶಕ ಸಿ.ವಿ. ರಾಮನ್ ಒಲ್ಲೆ ಎಂದರು. ಆಕೆ ಜಗ್ಗಲಿಲ್ಲ. ಒಂದು ವರ್ಷ ನೋಡುವ ಷರತ್ತಿನ ಮೇಲೆ ಸೇರಿಕೊಂಡು, ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಅಭ್ಯಾಸ ಮಾಡಿ ರಾಮನ್‌ರ ಮನಸ್ಸನ್ನೇ ತಿರುಗಿಸಿದರು. ಆಮೇಲೆ ಸಸ್ಯಗಳ ಉಸಿರಾಟದಲ್ಲಿ ಸೈಟೊಕ್ರೋಮ್-ಸಿ ಪಾತ್ರವನ್ನು ತೋರಿಸಿ 1939ರಲ್ಲಿ ಕೇಂಬ್ರಿಜ್‌ನ ಪಿಎಚ್‌ಡಿ ಪಡೆದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ.

ಈ ಶಾಸ್ತ್ರ ಓದಬೇಕೆಂದರೆ ಈಗ ಅಷ್ಟು ದೂರ ಹೋಗಬೇಕಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದೆ, ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲೂ ಇದೆ. ಓದಿದವರಿಗೆ ಸಕ್ಕರೆ ಕಾರ್ಖಾನೆಯ ಲ್ಯಾಬು, ಡೈರಿ, ಡಿಸ್ಟಿಲರಿ, ಆಸ್ಪತ್ರೆಯ ಲ್ಯಾಬುಗಳಲ್ಲಿ ಕೆಲಸವುಂಟು. ಕಾಲೇಜಿನವರು ವರ್ಷಕ್ಕೊಂದು ದಿನ ಮಕ್ಕಳನ್ನು ಕಾರ್ಖಾನೆಗೆ ಕರೆದೊಯ್ದು, ಇಂದು ಕಡಿದ ಕಬ್ಬಿನ ರಸವನ್ನೂ ನಾಲ್ಕು ದಿನ ನಿಂತ ಕಬ್ಬಿನ ರಸವನ್ನೂ ಅವರ ಕೈಯಿಂದಲೇ ಅಳೆಸಿದರೆ ಸಾಕು. ರಟ್ಟಾ ಹೊಡೆದದ್ದು ಮರೆತೀತು, ತನ್ನ ಹೊಲದ ಲೆಕ್ಕವನ್ನು ಯಾವ ಮಗ ಮರೆತಾನು?

ಮುಂದಿನ ಸಲ ಟ್ರ್ಯಾಕ್ಟರ್ ಹಿಂದೆ ಬಸ್ಸು ನಿಂತಾಗ ಆ ಕಾಕಾ ಮತ್ತೆ ಕೇಳಲಿ. "ಆ ಗಾಡ್ಯಾಗ ಸಕ್ಕರಿ ಒಡಿಯಾಕತ್ತೈತಿ ಕಾಕಾ, ಅದನ್ನ ಕಲಿಯಾಕತ್ತೀನಿ" ಎಂದು ಹುಡುಗ ಹೇಳುವಂತಾದರೆ ಅದೇ ದೊಡ್ಡ ಪಾಸು.